ಖಾರವಿಲ್ಲದ ಒಂಬತ್ತು ವರ್ಷ

ಆ ಊರಿನ ಹುಂಜಗಳು ಸೂರ್ಯನನ್ನು ನೋಡಿ ಕೂಗುವ ಜಾತಿಯವಲ್ಲ. ಬೆಳಗಿನ ಗೂಡ್ಸ್ ಗಾಡಿ ತಡವಾದರೆ ಅವೂ ತಡವಾಗಿಯೇ ಕೂಗುತ್ತಿದ್ದವು. ಗಾಡಿ ರದ್ದಾದ ದಿನ ಊರಿಗೆ ಬೆಳಗೇ ಆಗುತ್ತಿರಲಿಲ್ಲ. ನಂಬದವರು ಬಿಡಲಿ, ಹುಂಜಗಳಿಗೇನೂ ಬೇಸರವಿಲ್ಲ.

ಊರು ಹುಟ್ಟಿದ್ದೇ ಒಂದು ಇಂಜಿನ್ನಿಗೆ ಬಾಯಾರಿಕೆಯಾಗಿದ್ದರಿಂದ. ಉಗಿ ಇಂಜಿನ್ನಿನ ಕಾಲದಲ್ಲಿ ಎರಡು ದೊಡ್ಡ ಪಟ್ಟಣಗಳ ನಡುವೆ, ಸರಿಯಾಗಿ ಎಲ್ಲಿಗೆ ಬರುವಷ್ಟರಲ್ಲಿ ಅದರ ಗಂಟಲು ಒಣಗುತ್ತಿತ್ತೋ ಅಲ್ಲಿ ಒಂದು ನೀರಿನ ಟ್ಯಾಂಕು ಕಟ್ಟಿದರು. ಟ್ಯಾಂಕು ತುಂಬಲು ಒಬ್ಬ ಬಂದ. ಅವನಿಗೆ ಚಹಾ ಕಾಯಿಸಿಕೊಡಲು ಇನ್ನೊಬ್ಬ ಬಂದ. ಚಹಾ ಚೆನ್ನಾಗಿಲ್ಲ ಎಂದು ಜಗಳ ತೆಗೆಯಲು ನಾನೂರು ಜನ ಬಂದರು. ಊರಾಯಿತು. ಆಮೇಲೆ ಡೀಸೆಲ್ ಬಂತು, ಕರೆಂಟು ಬಂತು, ಇಂಜಿನ್ನುಗಳ ಬಾಯಾರಿಕೆ ಹೋಯಿತು. ಮೂವತ್ತು ಗಾಡಿ ನಿಲ್ಲುತ್ತಿದ್ದ ಕಡೆ ಬೆಳಗಿನ ಒಂದು ಪ್ಯಾಸೆಂಜರ್ ಮಾತ್ರ, ಅದೂ ಮೂಗು ಸೀಟಿಕೊಳ್ಳುವಷ್ಟು ಹೊತ್ತು ನಿಂತು ಹೋಗುತ್ತದೆ. ಮಿಕ್ಕವು ಊರನ್ನು ಸಾಲ ಕೊಟ್ಟವನನ್ನು ಕಂಡ ಹಾಗೆ ಕಂಡು, ಮುಖ ತಿರುಗಿಸಿ ಓಡುತ್ತವೆ.

ಇಂಥ ಊರಿನಲ್ಲಿ ಹಾಗೆ ಓಡುವ ಗಾಡಿಯೊಂದಕ್ಕೆ ಮೂವತ್ತೊಂದು ವರ್ಷ ಊಟ ಬಡಿಸಿದ ಹೆಂಗಸು ಕ್ಯಾರಿಯರಮ್ಮ. ಅವಳಿಗೆ ಬೇರೆ ಹೆಸರು ಇದ್ದಿರಬಹುದು. ಅದು ಅವಳಿಗೇ ಮರೆತುಹೋಗಿತ್ತು.

ಅವಳ ಗಂಡ ಮೇಲ್ ಗಾಡಿಯ ಡ್ರೈವರ್. ಅವನ ಹಾಜರಿ, ವಸತಿ ಎಲ್ಲ ದೂರದ ದೊಡ್ಡ ಜಂಕ್ಷನ್ನಿನಲ್ಲಿ. ಮನೆಗೆ ಬರುವುದು ಹದಿನೈದು ದಿನಕ್ಕೊಮ್ಮೆ, ಬಂದರೆ ಮಲಗುವುದಕ್ಕೆ. ಆದರೆ ಒಂದು ದಿನ ಬಿಟ್ಟು ಒಂದು ದಿನ, ಮಧ್ಯಾಹ್ನ ಹನ್ನೆರಡು ಇಪ್ಪತ್ತಕ್ಕೆ, ಅವನ ಮೇಲ್ ಗಾಡಿ ಊರ ಹೊರಗಿನ ತಿರುವಿನಲ್ಲಿ ವೇಗ ತಗ್ಗಿಸಿಕೊಂಡು ಹಾದುಹೋಗುತ್ತಿತ್ತು. ಆ ಒಂಟಿ ಹಳಿಯ ದಾರಿಯಲ್ಲಿ ಹಿಂದೆ, ಮುಂದಿನ ಸ್ಟೇಷನ್ನಿನವರೆಗೆ ದಾರಿ ಖಾಲಿ ಎಂಬುದಕ್ಕೆ ಡ್ರೈವರನ ಕೈಗೆ ಒಂದು ಟೋಕನ್ ಕೊಡುತ್ತಿದ್ದರು. ಅದನ್ನು ದೊಡ್ಡದೊಂದು ಬೆತ್ತದ ಬಳೆಗೆ ಕಟ್ಟಿ ಸ್ಟೇಷನ್ನಿನವನು ಎತ್ತಿ ಹಿಡಿದರೆ, ಡ್ರೈವರ್ ಓಡುವ ಇಂಜಿನ್ನಿನಿಂದ ತೋಳು ಚಾಚಿ, ಬಳೆಯೊಳಗೆ ತೂರಿಸಿ ಎಗರಿಸಿಕೊಂಡು ಹೋಗುತ್ತಿದ್ದ. ಟೋಕನ್ನಿನ ಕಾಲ ಮುಗಿದಾಗ ಒಂದು ಬಳೆ ಗುಜರಿಗೆ ಹೋಗದೆ ಈ ಮನೆಗೆ ಬಂತು. ಕ್ಯಾರಿಯರಮ್ಮ ಅದಕ್ಕೆ ನಾಲ್ಕು ಡಬ್ಬಿಯ ಕ್ಯಾರಿಯರ್ ಕಟ್ಟಿದಳು. ತಿರುವಿನ ಬಳಿ, ಹಿಂದೆ ಇಂಜಿನ್ನಿಗೆ ನೀರು ಬಿಡುತ್ತಿದ್ದ ಕಂಬದ ಕಟ್ಟೆ ಹತ್ತಿ ಎತ್ತಿ ಹಿಡಿದಳು. ಮೊದಲ ದಿನವೇ ಗಂಡ ಹೇಳಿಕೊಟ್ಟಿದ್ದ:

"ಮುಖ ನೋಡಬೇಡ, ಕೈ ನೋಡು. ಮುಖ ನೋಡಿದ್ಯೋ, ಬಳೆ ಅಲುಗುತ್ತೆ. ಬಳೆ ಅಲುಗಿತೋ, ನನ್ನ ಊಟಾನೂ ಹೋಯ್ತು, ನಿನ್ನ ಹಲ್ಲೂ ಹೋಯ್ತು."

ಅವಳು ಕೈ ನೋಡಿದಳು. ಮೂವತ್ತೊಂದು ವರ್ಷ ಕೈಯನ್ನೇ ನೋಡಿದಳು. ಐದೂವರೆ ಸಾವಿರ ಸಲ ಬಳೆ ಎತ್ತಿದವಳು ಕೆಳಗೆ ಬೀಳಿಸಿದ್ದು ಎರಡೇ ಸಲ. ಆ ಎರಡು ದಿನ ತಿಂದುಂಡ ಕಾಗೆಗಳ ಮೊಮ್ಮಕ್ಕಳು ಇಂದಿಗೂ ಆ ಕಟ್ಟೆಯ ಮೇಲೆ ಕಾಯುತ್ತವೆ. ಗಾಡಿ ಬರುವಾಗ, ಕೈ ಹಾದುಹೋಗುವಾಗ, ದೂರವಾಗುವಾಗ, ಒಟ್ಟು ಹತ್ತು ಸೆಕೆಂಡು. ಆ ಹತ್ತು ಸೆಕೆಂಡಿನಲ್ಲಿ ಅವಳು ಒಂದು ಸುದ್ದಿ ಕೂಗುತ್ತಿದ್ದಳು. "ಮಗ ಪಾಸಾದ!" "ಬಾವಿ ಬತ್ತಿತು!" "ಮೊಮ್ಮಗಳಿಗೆ ಹಲ್ಲು ಬಂತು!" ಬೇರೆಯವರು ವರ್ಷವಿಡೀ ಗಂಡನ ಕಿವಿಯಲ್ಲಿ ಊದುವುದನ್ನೆಲ್ಲ ಅವಳು ಆ ಹತ್ತು ಸೆಕೆಂಡಿಗೆ ಕುಟ್ಟಿ ತುಂಬುತ್ತಿದ್ದಳು.

ಉತ್ತರ ಮರುದಿನ ಹನ್ನೊಂದಕ್ಕೆ. ಗಾಡಿ ವಾಪಸು ಹೋಗುವಾಗ ಖಾಲಿ ಕ್ಯಾರಿಯರ್, ಬಳೆ ಎರಡನ್ನೂ ಗೋಣಿಚೀಲದಲ್ಲಿ ಕಟ್ಟಿ ರೈಲ್ವೆ ಗೇಟಿನ ಬಳಿ ಎಸೆದು ಹೋಗುತ್ತಿತ್ತು. ಖಾಲಿ ಡಬ್ಬಿಗಳನ್ನು ಅವಳು ಪತ್ರ ಓದಿದ ಹಾಗೆ ಓದುತ್ತಿದ್ದಳು. ತಳ ಕೆರೆದಿದ್ದರೆ ಹಿಡಿಸಿದೆ. ಬೇಳೆ ಉಳಿದಿದ್ದರೆ ಹೊಟ್ಟೆ ಸರಿಯಿಲ್ಲ. ಒಂಬತ್ತು ವರ್ಷದ ಹಿಂದೆ ಒಂದು ದಿನ, ಪಲ್ಯದ ಮೆಣಸಿನಕಾಯಿಗಳನ್ನೆಲ್ಲ ಆರಿಸಿ ತೆಗೆದು, ಮುಚ್ಚಳದ ಒಳಗೆ ಸಿಪಾಯಿಗಳ ಹಾಗೆ ಸಾಲಾಗಿ ಮಲಗಿಸಿತ್ತು. ಮತ್ತೆ ಕಳಿಸಿದಳು, ಮತ್ತೆ ಸಾಲು. ವಯಸ್ಸಾಯಿತು, ಕರುಳಿಗೆ ಆಗುತ್ತಿಲ್ಲ ಎಂದುಕೊಂಡಳು. ಒಂದು ತುತ್ತು ತಿಂದವನು ಮೂರು ಮನೆಯ ನೀರು ಕುಡಿಯುವಂತಿದ್ದ ಅವಳ ಪಲ್ಯ ಅಂದಿನಿಂದ ಹಸುಗೂಸಿಗೂ ಕೊಡಬಹುದಾದಂಥದ್ದಾಯಿತು. ಗಂಡನಿಗಿಲ್ಲದ ಖಾರ ಮನೆಯಲ್ಲಿ ಯಾರಿಗೂ ಇಲ್ಲ ಎಂದು ಮೆಣಸಿನಕಾಯಿಯ ಡಬ್ಬವನ್ನೇ ತೊಳೆದು ಬೋರಲು ಹಾಕಿದಳು.

*

ಡ್ರೈವರ್ ರಿಟೈರ್ ಆಗಿ ಟ್ರಂಕು, ಲಾಟೀನು ಹಿಡಿದು ಬೆಳಗಿನ ಪ್ಯಾಸೆಂಜರಿನಲ್ಲಿ ಬಂದಿಳಿದ ದಿನ ಊರಿನ ಅರ್ಧ ಜನ ಪ್ಲಾಟ್‌ಫಾರ್ಮಿನಲ್ಲಿದ್ದರು, ಇನ್ನರ್ಧ ಜನ ಸೂರಿನ ಮೇಲಿದ್ದರು. ನಿಲ್ಲದ ಗಾಡಿಗಳ ಊರಿಗೆ ಅವನೊಬ್ಬನೇ ಹೆಮ್ಮೆ. ಮೇಲ್ ಗಾಡಿಯನ್ನು ಅವನು ಒಂದು ಬೆರಳಿನಲ್ಲಿ ಓಡಿಸುತ್ತಾನೆ, ಅವನ ಸಿಳ್ಳೆ ಕೇಳಿ ಸಿಗ್ನಲ್ಲುಗಳೇ ಎದ್ದು ನಿಲ್ಲುತ್ತವೆ ಎಂದು ಮಗನ ಕಟಿಂಗ್ ಶಾಪಿನಲ್ಲಿ ಕತ್ತರಿಯ ಸದ್ದಿಗಿಂತ ಜೋರಾಗಿ ಮಾತು ನಡೆಯುತ್ತಿತ್ತು.

ಕ್ಯಾರಿಯರಮ್ಮ ಸ್ಟೇಷನ್ನಿಗೆ ಹೋಗಲಿಲ್ಲ. ಅವಳು ಅಡುಗೆಮನೆಯಲ್ಲಿ ಒಂದು ಮೇಜಿನ ಎರಡು ಕಡೆ ಎರಡು ಕುರ್ಚಿ ಹಾಕುತ್ತಿದ್ದಳು. ಒಂದು ಮರದ್ದು, ಇನ್ನೊಂದು ಶಾಪಿನಿಂದ ಮಗ ತಂದುಕೊಟ್ಟ, ಗಿರಗಿರ ತಿರುಗುವ ಹಳೆಯ ಕ್ಷೌರದ ಕುರ್ಚಿ. ಮೂವತ್ತೊಂದು ವರ್ಷ ಅವಳು ಕಾದದ್ದು ಒಂದಕ್ಕೇ: ಮಧ್ಯಾಹ್ನ ಎದುರು ಬದುರು ಕೂತು, ಸಿಳ್ಳೆಯ ಅವಸರವಿಲ್ಲದೆ, ಉಂಡ ತಟ್ಟೆ ಒಣಗುವ ತನಕ ಮಾತಾಡುತ್ತಾ ಉಣ್ಣುವುದು. ಮಗ ಶಾಪಿಗೆ, ಸೊಸೆ ರೈಲ್ವೆ ಗೇಟಿನ ಡ್ಯೂಟಿಗೆ, ಮೊಮ್ಮಗಳು ಶಾಲೆಗೆ ಹೋದ ಮೇಲೆ ಆ ಮನೆಯ ಮಧ್ಯಾಹ್ನ ಎಷ್ಟು ಖಾಲಿಯೆಂದರೆ, ಒಂದು ಚಮಚ ಬಿದ್ದರೆ ಅದರ ಸದ್ದು ಸಂಜೆ ತನಕ ಸುತ್ತುತ್ತಿತ್ತು.

ಮೊದಲ ಮಧ್ಯಾಹ್ನ ಅವಳು ಬಡಿಸಿದಳು. ಡ್ರೈವರ್ ಕುರ್ಚಿಯನ್ನು ನೋಡಿದ, ತಟ್ಟೆಯನ್ನು ನೋಡಿದ.

"ಕೂತ್ಕೊಳ್ಳಿ," ಎಂದಳು.

"ಇರಲಿ, ಕೂತು ಉಂಡು ಅಭ್ಯಾಸ ಇಲ್ಲ."

ತಟ್ಟೆ ಎತ್ತಿಕೊಂಡು ಹಿತ್ತಲ ಬಾಗಿಲ ಮೆಟ್ಟಿಲಿಗೆ ಹೋದ. ಅಲ್ಲಿಂದ ಐವತ್ತು ಹೆಜ್ಜೆಗೆ ಹಳಿ. ಬೆನ್ನು ಮನೆಗೆ, ಮುಖ ಹಳಿಗೆ ಮಾಡಿ ನಿಂತೇ ಉಂಡ. ಕ್ಯಾರಿಯರಮ್ಮ ಕ್ಷೌರದ ಕುರ್ಚಿಯ ಎದುರು ಕೂತು ಉಂಡಳು. ಗಾಳಿಗೆ ಕುರ್ಚಿ ಒಂದಿಷ್ಟು ತಿರುಗಿ, ಅದೂ ಅವಳಿಗೆ ಬೆನ್ನು ಮಾಡಿತು.

ಮರುದಿನವೂ ಹಾಗೆ. ವಾರ ಕಳೆದರೂ ಹಾಗೆ. ಇನ್ನೊಂದು ಸಂಗತಿಯೂ ಇತ್ತು. ಮೇಲ್ ಗಾಡಿಯ ದಿನ ಹನ್ನೆರಡು ಇಪ್ಪತ್ತಕ್ಕೆ ಆ ತಿರುವಿನಲ್ಲಿ ಸಿಳ್ಳೆ ಕೇಳುತ್ತಿತ್ತು: ಎರಡು ಗಿಡ್ಡ, ಒಂದು ಉದ್ದ. ಅದು ಅವಳನ್ನು ಕಟ್ಟೆಗೆ ಕರೆಯುತ್ತಿದ್ದ ಸಿಳ್ಳೆ.

"ಈಗ ಯಾರ್ರೀ ಆ ಗಾಡೀಲಿ?" ಎಂದು ಕೇಳಿದಳು.

"ಯಾರೋ."

"ಯಾರೋ ಆದ್ರೆ ನಮ್ಮ ಸಿಳ್ಳೆ ಯಾಕೆ ಹೊಡೀತಾನೆ?"

"ನನಗೆ ಮರ್ಯಾದೆ ತೋರಿಸ್ತಾನೆ."

ಊರಿಗೆಲ್ಲ ಮರ್ಯಾದೆ ಹಂಚಿ ಮಿಗುವಷ್ಟು ಉದ್ದದ ಸಿಳ್ಳೆ ಅದು. ಡ್ರೈವರ್ ಮಾತ್ರ ಅದು ನಿಲ್ಲುವ ತನಕ ತುತ್ತು ಎತ್ತುತ್ತಿರಲಿಲ್ಲ.

ಮೂರನೆಯ ವಾರ ಮಗ ಸಂಜೆ ಶಾಪು ಮುಚ್ಚಿ ಬಂದವನೇ ಅಪ್ಪನ ಮೇಲೆ ಹರಿಹಾಯ್ದ.

"ಅಪ್ಪ, ಒಂದು ಸಲ ಶಾಪಿಗೆ ಬಂದು ಕೂತ್ಕೊಳ್ಳಿ ಅಂದ್ರೆ ಯಾಕೆ ಇಷ್ಟು ಬಿಗುಮಾನ? ಡ್ರೈವರುಗಳ ರೆಸ್ಟ್ ರೂಮು ಮುಚ್ಚಿದ ಮೇಲೆ ನನ್ನ ಕೈಗೆ ಸಿಗೋದೇ ಹನ್ನೆರಡು ತಲೆ. ಅದರಲ್ಲಿ ನಾಲ್ಕು ಬೋಳು. ನಿಮ್ಮ ಕಥೆ ಕೇಳೋಕಾದ್ರೂ ಜನ ಬರ್ತಾರೆ."

"ನನ್ನ ಹತ್ರ ಕಥೆ ಇಲ್ಲ."

"ಮೇಲ್ ಗಾಡಿ ಡ್ರೈವರ್ ಹತ್ರ ಕಥೆ ಇಲ್ವಾ! ಹಾಗಾದ್ರೆ ಗೂಡ್ಸ್ ಡ್ರೈವರುಗಳೆಲ್ಲ ಮೂಗರಾಗಿರಬೇಕು!"

"ಬಿಡ್ರೀ ಅವರನ್ನ," ಎಂದಳು ಸೊಸೆ, ಗೇಟಿನ ಹಸಿರು, ಕೆಂಪು ಬಾವುಟಗಳನ್ನು ಸುತ್ತುತ್ತಾ. "ಮಾತಾಡೋಕೆ ಇಷ್ಟ ಇಲ್ಲ ಅಂದ್ರೆ ಇಲ್ಲ."

"ನೀನ್ಯಾಕೆ ಯಾವಾಗಲೂ ಮಾವನ ಪರ?"

ಸೊಸೆ ಮತ್ತೊಂದು ಸುತ್ತು ಹಾಕಿದಳು. ಬಾವುಟವನ್ನು ಅಷ್ಟೊಂದು ಬಿಗಿಯಾಗಿ ಸುತ್ತುವ ಅಗತ್ಯವೇ ಇರಲಿಲ್ಲ.

*

ನಾಲ್ಕನೆಯ ವಾರದ ಶನಿವಾರ ಬೆಳಿಗ್ಗೆ ಕ್ಯಾರಿಯರಮ್ಮ ಬಟ್ಟೆ ಒಗೆಯುತ್ತಿದ್ದಳು. ಗಂಡನ ಅಂಗಿಯನ್ನು ಬಕೆಟ್ಟಿನಲ್ಲಿ ಅದ್ದಿ ಹಿಂಡಿ, ಹಣೆಯ ಬೆವರನ್ನು ಅದೇ ಕೈಯಲ್ಲಿ ಒರೆಸಿಕೊಂಡಳು. ಮರುಕ್ಷಣ ಅವಳು ಹಾಕಿದ ಕೂಗಿಗೆ ಸ್ಟೇಷನ್ನಿನ ಸಿಗ್ನಲ್ ಕೆಂಪಾಯಿತು ಎನ್ನುತ್ತಾರೆ.

"ಅಯ್ಯೋ ಕಣ್ಣು! ನನ್ನ ಕಣ್ಣು!"

ಮೊಮ್ಮಗಳು ಓಡಿಬಂದಳು. ಹನ್ನೊಂದು ವರ್ಷದ ಅವಳನ್ನು ಎಲ್ಲರೂ ಕರೆಯುವುದು ಸಿಳ್ಳೆ ಎಂದು. ಬಾಯಲ್ಲೇ ಏಳು ಬಗೆಯ ಇಂಜಿನ್ ಕೂಗಿಸುತ್ತಾಳೆ. ಅಜ್ಜಿಯ ಕಣ್ಣಿಗೆ ಚೊಂಬುಗಟ್ಟಲೆ ನೀರು ಹಾಕಿ, ಅಂಗಿಯ ಜೇಬಿನಿಂದ ನೆನೆದ ಕಾಗದದ ಪೊಟ್ಟಣ ಹೊರಗೆಳೆದಳು. ಕೆಂಪು ನೀರು ತೊಟ್ಟಿಕ್ಕಿತು.

"ಅಜ್ಜಿ, ಖಾರದ ಪುಡಿ!"

"ಈ ಮನೇಲಿ ಖಾರದ ಪುಡಿ ಎಲ್ಲಿಂದ ಬರುತ್ತೆ?"

"ತಾತ ದಿನಾ ಹಾಕ್ಕೋತಾರೆ. ಮೆಟ್ಟಿಲ ಹತ್ರ ನಿಂತು, ಹಿಂದೆ ತಿರುಗಿ ನೋಡಿ, ತಟ್ಟೆ ಮೇಲೆ ಹೀಗೆ ಉದುರಿಸ್ತಾರೆ. ಕಳ್ಳನ ಥರ. ನಾನು ನೋಡಿದೀನಿ. ನನಗೂ ಒಂದು ಚಿಟಿಕೆ ಕೊಟ್ಟು ಯಾರಿಗೂ ಹೇಳಬೇಡ ಅಂದಿದ್ರು."

"ಮತ್ತೆ ಹೇಳಿಬಿಟ್ಟೆಯಲ್ಲೇ."

"ಒಂದು ಚಿಟಿಕೆಗೆ ಎಷ್ಟು ದಿನ ಸುಮ್ಮನಿರೋದು?"

ಆ ಸಂಜೆ ಊಟಕ್ಕೆ ಎಲ್ಲರೂ ಅಡುಗೆಮನೆಯಲ್ಲಿದ್ದರು. ಡ್ರೈವರ್ ತಟ್ಟೆ ಹಿಡಿದು ಹಿತ್ತಲ ಕಡೆ ಹೊರಟ. ಕ್ಯಾರಿಯರಮ್ಮ ಒದ್ದೆ ಪೊಟ್ಟಣವನ್ನು ಮೇಜಿನ ಮೇಲಿಟ್ಟಳು. ಅವಳ ಕಣ್ಣು ಇನ್ನೂ ಕೆಂಪು ದೀಪದ ಹಾಗಿತ್ತು.

"ಇದೇನ್ರೀ?"

"ಖಾರದ ಪುಡಿ."

"ಅದು ನನ್ನ ಕಣ್ಣಿಗೂ ಗೊತ್ತಾಯ್ತು. ನಿಮ್ಮ ಜೇಬಲ್ಲಿ ಯಾಕಿತ್ತು?"

"ಬಾಯಿ ರುಚಿಗೆ."

"ಬಾಯಿ ರುಚಿಗೆ! ಒಂಬತ್ತು ವರ್ಷದಿಂದ ಮೆಣಸಿನಕಾಯಿ ಆರಿಸಿ ಮುಚ್ಚಳದಲ್ಲಿ ಸಾಲಾಗಿ ಇಟ್ಟು ಕಳಿಸಿದ ಬಾಯಿ ಯಾವುದು? ನಿಮಗಾಗಲ್ಲ ಅಂತ ಈ ಮನೇಲಿ ಎಲ್ಲರ ನಾಲಿಗೆ ಸಾಯಿಸಿದೀನಿ."

"ಹೌದಪ್ಪ," ಎಂದ ಮಗ. "ಒಂಬತ್ತು ವರ್ಷ ಆಸ್ಪತ್ರೆ ಊಟ ಉಂಡಿದೀವಿ. ಕಾಯಿಲೆ ಮಾತ್ರ ಯಾರಿಗೂ ಬರಲಿಲ್ಲ."

"ಮೆಣಸಿನಕಾಯಿ ಆರಿಸಿದ್ದು ನಾನಲ್ಲ," ಎಂದ ಡ್ರೈವರ್.

"ನೀವಲ್ದೆ ಇಂಜಿನ್ ಆರಿಸಿತಾ?"

ಅನ್ನದ ಪಾತ್ರೆಯಲ್ಲಿದ್ದ ಸೊಸೆಯ ಕೈ ನಿಂತಿತು. ಡ್ರೈವರ್ ತಟ್ಟೆಯನ್ನು ಮೇಜಿನ ಮೇಲೆ ಇಡಲು ಹೋಗಿ, ಅಂಚು ತಪ್ಪಿ, ಮತ್ತೆ ಕೈಯಿಂದ ತಡವಿ ಅಂಚು ಹುಡುಕಿ ಇಟ್ಟ. ಇಷ್ಟು ವಾರ ಅವನು ಎಲ್ಲವನ್ನೂ ಹಾಗೆ ತಡವಿಯೇ ಇಡುತ್ತಿದ್ದನೆಂಬುದು ಕ್ಯಾರಿಯರಮ್ಮನಿಗೆ ಆಗ ಕಂಡಿತು.

"ಆ ಗಾಡೀಲಿ ನಾನಿರಲಿಲ್ಲ," ಎಂದ. "ಒಂಬತ್ತು ವರ್ಷದಿಂದ ಇಲ್ಲ. ಕಣ್ಣಿನ ಪರೀಕ್ಷೇಲಿ ಫೇಲಾದೆ. ಹಳದಿ, ಹಸಿರು ಒಂದೇ ಥರ ಕಂಡವು. ಮೇಲ್‌ನಿಂದ ಇಳಿಸಿ ಜಂಕ್ಷನ್ ಯಾರ್ಡಿಗೆ ಹಾಕಿದ್ರು, ಶಂಟಿಂಗ್‌ಗೆ. ಖಾಲಿ ಬೋಗಿ ಈ ಕಡೆಯಿಂದ ಆ ಕಡೆ ದೂಡೋದು, ಆ ಕಡೆಯಿಂದ ಈ ಕಡೆ ದೂಡೋದು. ಒಬ್ಬ ಕೆಳಗೆ ನಿಂತು ಕೂಗಿ ಹೇಳ್ತಿದ್ದ, ನಾನು ದೂಡ್ತಿದ್ದೆ. ಮನೆ ಬಾಗಿಲಿನಿಂದ ಬಚ್ಚಲಿಗೆ ಇರೋಷ್ಟು ದೂರ. ಒಂಬತ್ತು ವರ್ಷ."

ಮಗ ತಟ್ಟೆಯನ್ನು ಹಿಂದಕ್ಕೆ ಸರಿಸಿದ.

"ಮತ್ತೆ ಕ್ಯಾರಿಯರ್?" ಎಂದಳು ಕ್ಯಾರಿಯರಮ್ಮ.

"ನನ್ನ ಜಾಗಕ್ಕೆ ಬಂದವನಿಗೆ ಹೇಳಿದ್ದೆ. ತಿರುವಿನಲ್ಲಿ ಕೈ ಚಾಚು, ಉಂಡು ಬಿಡು, ಡಬ್ಬಿ ಎಸೆದು ಹೋಗು ಅಂತ. ನನಗೆ ತಲುಪಿಸೋಕೆ ಹೋದ್ರೆ ಹಳಸಿಹೋಗುತ್ತೆ. ಅವನಿಗೆ ಹೊಟ್ಟೆ ಹುಣ್ಣು, ಖಾರ ಆಗಲ್ಲ."

"ಒಂದು ಮಾತು ನನಗೆ ಹೇಳಿದ್ರೆ ನಿಮ್ಮ ಗಂಟು ಏನು ಹೋಗ್ತಿತ್ತು?"

"ನಿನಗೆ ಹೇಳಿದ್ರೆ ನೀನು ಕಟ್ಟೆ ಹತ್ತಲ್ಲ. ನೀನು ಹತ್ತಲಿಲ್ಲ ಅಂದ್ರೆ ಊರಿಗೆ ಗೊತ್ತಾಗುತ್ತೆ." ಅವನು ಮಗನ ಕಡೆ ತಿರುಗಿದ. "ಶಾಪಿಗೆ ಬಂದು ಯಾವ ಕಥೆ ಹೇಳಲೋ ನಾನು? ಬೋಗಿ ದೂಡಿದ ಕಥೇನಾ?"

ಕ್ಯಾರಿಯರಮ್ಮ ಆ ಸಂಜೆ ಉಣ್ಣಲಿಲ್ಲ. ಹದಿನೈದು ದಿನಕ್ಕೊಮ್ಮೆ ಮನೆಗೆ ಬಂದಾಗಲೆಲ್ಲ ಆ ಸಪ್ಪೆ ಪಲ್ಯವನ್ನು ಅವನು ಕಮಕ್ ಕಿಮಕ್ ಎನ್ನದೆ ನುಂಗಿದ್ದನ್ನು ನೆನೆದಳು. ಎಲ್ಲಿ ಖಾರ ಎಂದು ಕೇಳಿದ್ದರೆ ಗುಟ್ಟು ಬಯಲಾಗುತ್ತಿತ್ತು. ಅವನು ಕೇಳಿರಲಿಲ್ಲ. ಇವಳು ಮಾಡಿದ್ದು ಬೇರೆಯವನ ಅಡುಗೆ, ಅವನು ಉಂಡದ್ದು ಬೇರೆಯವನ ಊಟ.

*

ಸೋಮವಾರ ಅವಳು ಗೇಟಿಗೆ ಹೋದಳು. ಸೊಸೆಯ ಗುಮಟಿ ಎಂಬ ಕಾವಲು ಕೋಣೆಯೆಂದರೆ ಒಂದು ಬೆಂಚು, ಒಂದು ಫೋನು, ಒಂದು ಮಣ್ಣಿನ ಹೂಜಿ. ಬೆಕ್ಕೊಂದು ಒಳಗೆ ಬಂದರೆ ಸೊಸೆ ಹೊರಗೆ ಹೋಗಬೇಕು, ಅಷ್ಟು ಕಿರಿದು. ಗೂಡ್ಸ್ ಒಂದು ದಾಟಿತು. ಸೊಸೆ ಹಸಿರು ಬಾವುಟ ಹಿಡಿದು ನೆಟ್ಟಗೆ ನಿಂತು, ಇಂಜಿನ್ನಿನ ಕಿಟಕಿಯಲ್ಲಿದ್ದವನ ಕಡೆ ಕಣ್ಣಿಟ್ಟು ನೋಡಿದಳು. ಅವನೂ ಇವಳನ್ನು ನೋಡಿ ಕೈ ಎತ್ತಿದ.

"ನಿನಗೆ ಗೊತ್ತಿತ್ತು," ಎಂದಳು ಅತ್ತೆ.

"ಗೊತ್ತಿತ್ತು ಅತ್ತೆ. ಮುಖ ನೋಡೋದೇ ನನ್ನ ಕೆಲಸ. ಡ್ರೈವರ್ ಎಚ್ಚರವಾಗಿದಾನಾ ಅಂತ ನೋಡಲೇಬೇಕು. ಡ್ಯೂಟಿಗೆ ಸೇರಿದ ಮೊದಲ ದಿನಾನೇ ನೋಡಿದೆ, ಮೇಲ್‌ನಲ್ಲಿ ಮಾವ ಇಲ್ಲ. ಅವರು ರಜಕ್ಕೆ ಬಂದಾಗ ಕೇಳಿದೆ. ಕೈ ಮುಗಿದುಬಿಟ್ರು. ಮಾವ ಸೊಸೆಗೆ ಕೈ ಮುಗಿದ್ರೆ ನಾನೇನು ಮಾಡಲಿ?"

"ನಾಲ್ಕು ವರ್ಷ ಆಯ್ತು ನೀನು ಸೇರಿ."

"ನಾಲ್ಕು ವರ್ಷ ಆಯ್ತು."

"ಒಂದೇ ಒಲೆ ಮುಂದೆ ಕೂತಿದೀವಿ ಕಣೇ ನಾವು."

ಸೊಸೆ ಹೂಜಿಯಿಂದ ನೀರು ಬಗ್ಗಿಸಿ ಕೊಟ್ಟಳು. ಅತ್ತೆ ಕುಡಿಯಲಿಲ್ಲ, ಲೋಟವನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು.

"ಈ ದಾರೀಲಿ ಎಷ್ಟು ಜನಕ್ಕೆ ಗೊತ್ತು?"

ಸೊಸೆ ಬಾವುಟದ ಕೋಲಿನಿಂದ ನೆಲ ಗೀಚಿದಳು. "ಡ್ರೈವರುಗಳಿಗೆ, ಗಾರ್ಡುಗಳಿಗೆ ಗೊತ್ತು. ಮಾವನ ಜಾಗಕ್ಕೆ ಬಂದವನು ರಜ ಹಾಕಿದ ದಿನ ಬದಲಿಯವನಿಗೆ ಹೇಳಿ ಹೋಗ್ತಿದ್ದ, ಅಲ್ಲೊಬ್ಬ ಅಮ್ಮ ನಿಂತಿರ್ತಾರೆ, ಕೈ ಚಾಚೋದು ಮರೀಬೇಡ ಅಂತ."

ಮುನ್ನೂರು ಮೈಲಿ ಹಳಿಯ ಮೇಲೆ ಎಲ್ಲರಿಗೂ ಗೊತ್ತಿದ್ದು, ಕಟ್ಟೆಯ ಮೇಲೆ ನಿಂತವಳಿಗೆ ಮಾತ್ರ ಗೊತ್ತಿರಲಿಲ್ಲ. ಅವಳು ಕೇಳಿದಳು:

"ಹೇಗಿದಾನೆ ನೋಡೋಕೆ?"

"ತೆಳ್ಳಗೆ. ಮೂಗಿನ ಮೇಲೆ ಕನ್ನಡಕ. ಒಬ್ಬನೇ ಅಂತೆ, ಹೆಂಡತಿ ತೀರಿಕೊಂಡಿದಾಳೆ. ಒಂದು ಸಲ ಸಿಗ್ನಲ್ ಸಿಗದೆ ಗಾಡಿ ಇಲ್ಲೇ ನಿಂತಿತ್ತು. ಇಂಜಿನ್ನಿನಿಂದಲೇ ನನ್ನ ಕೇಳಿದ, ಅಮ್ಮನ ಮೊಣಕಾಲು ನೋವು ಹೇಗಿದೆ ಅಂತ."

"ನನ್ನ ಮೊಣಕಾಲು ಅವನಿಗೆ ಹೇಗೆ ಗೊತ್ತು?"

"ನೀವೇ ಕೂಗಿದ್ರಲ್ಲ ಅತ್ತೆ."

ಕ್ಯಾರಿಯರಮ್ಮ ಲೋಟದ ನೀರನ್ನು ಒಂದೇ ಗುಟುಕಿಗೆ ಕುಡಿದಳು. ಕೂಗಿದ್ದಳು, ಹೌದು. ಹೋದ ವರ್ಷ. ಆ ವಾರ ಮನೆಗೆ ಬಂದ ಗಂಡ ಮೊಣಕಾಲಿನ ಸುದ್ದಿಯೇ ಎತ್ತಿರಲಿಲ್ಲ. ಗಾಳಿಗೆ ಕೇಳಿಸಿಲ್ಲ ಎಂದುಕೊಂಡು ತಾನೇ ಎಣ್ಣೆ ಹಚ್ಚಿಕೊಂಡಿದ್ದಳು.

*

ಒಂದು ವಾರ ಅವಳು ಗಂಡನೊಂದಿಗೆ ಮಾತು ಬಿಟ್ಟಳು. ಅವನೂ ಬಿಟ್ಟ. ಮಾತಾಡಿದ್ದು ಯಾವಾಗ, ಬಿಟ್ಟದ್ದು ಯಾವಾಗ ಎಂದು ಗೋಡೆಗಳಿಗೂ ವ್ಯತ್ಯಾಸ ತಿಳಿಯಲಿಲ್ಲ. ನಡುವೆ ಸಿಳ್ಳೆ ಓಡಾಡಿದಳು.

"ತಾತ, ಅಜ್ಜಿ ಕೇಳ್ತಾರೆ, ಚಹಾ ಬೇಕಾ?"

"ಬೇಕು ಅಂತ ಹೇಳು."

"ಅಜ್ಜಿ, ಬೇಕಂತೆ. ನನಗೇನು ಕೊಡ್ತೀರಿ? ಪೋಸ್ಟಿನವರೂ ಸ್ಟಾಂಪ್ ಕೇಳ್ತಾರೆ."

ಎಂಟನೆಯ ದಿನ ಕ್ಯಾರಿಯರಮ್ಮ ಪೇಟೆಗೆ ಹೋಗಿ ಮೆಣಸಿನಕಾಯಿ ತಂದಳು. ಬೋರಲು ಹಾಕಿದ್ದ ಡಬ್ಬವನ್ನು ಎತ್ತಿ ತುಂಬಿದಳು. ಅಂದು ಅವಳು ಹಾಕಿದ ಒಗ್ಗರಣೆಗೆ ಅಕ್ಕಪಕ್ಕದ ಹದಿನಾಲ್ಕು ಮನೆ ಸೀನಿದವು. ಶಾಪಿನಲ್ಲಿ ಕ್ಷೌರಕ್ಕೆ ಕೂತಿದ್ದವನು ಸೀನಿ ಅರ್ಧ ಮೀಸೆ ಕಳೆದುಕೊಂಡ. ಎರಡು ತಟ್ಟೆಗೆ ಬಡಿಸಿ, ಏನೂ ಹೇಳದೆ ಮರದ ಕುರ್ಚಿಯಲ್ಲಿ ಕೂತಳು.

ಡ್ರೈವರ್ ಬಾಗಿಲಲ್ಲಿ ನಿಂತು ಮೂಗರಳಿಸಿದ. ಬಂದ. ಕ್ಷೌರದ ಕುರ್ಚಿಯ ಬೆನ್ನನ್ನು ತಡವಿ ಹಿಡಿದು, ಕೂತ.

ಉಂಡ. ಕಣ್ಣಲ್ಲಿ ನೀರು ಬಂತು, ಮೂಗಲ್ಲಿ ಬಂತು; ಒರೆಸಿಕೊಂಡು ಮತ್ತೆ ಹಾಕಿಸಿಕೊಂಡ.

"ಆಗ ಹೀಗೇ ಇತ್ತು," ಎಂದ.

"ಹೂಂ," ಎಂದಳು.

ಮೂವತ್ತೊಂದು ವರ್ಷ ಕಾದ ಮಧ್ಯಾಹ್ನ ಅದು. ಎದುರು ಬದುರು ಕುರ್ಚಿ, ಎದುರು ಬದುರು ತಟ್ಟೆ. ಅವಳು ಏನು ಹೇಳಲಿ ಎಂದು ಹುಡುಕಿದಳು. "ಹಾಲಿನವಳ ಹಸು ಕರು ಹಾಕಿತು," ಎಂದಳು. ಅವನು ತಲೆ ಅಲ್ಲಾಡಿಸಿದ. ಹತ್ತು ಸೆಕೆಂಡು ಮುಗಿಯಿತು. ಅದಕ್ಕಿಂತ ಉದ್ದದ ಮಾತು ಆಡಿ ಅವಳಿಗೂ ಗೊತ್ತಿರಲಿಲ್ಲ, ಕೇಳಿ ಅವನಿಗೂ ಗೊತ್ತಿರಲಿಲ್ಲ. ಮೇಜಿನ ಮೇಲೆ ಒಂದು ನೊಣ ಈ ತಟ್ಟೆಯಿಂದ ಆ ತಟ್ಟೆಗೆ, ಆ ತಟ್ಟೆಯಿಂದ ಈ ತಟ್ಟೆಗೆ ಹೋಗಿಬರುತ್ತಿತ್ತು.

ಆಗ ತಿರುವಿನಲ್ಲಿ ಸಿಳ್ಳೆ ಕೇಳಿತು. ಎರಡು ಗಿಡ್ಡ, ಒಂದು ಉದ್ದ. ಇಬ್ಬರ ಕೈಯೂ ತಟ್ಟೆಯ ಮೇಲೇ ನಿಂತಿತು.

"ತಿಂಗಳ ಮೇಲಾಯ್ತು," ಎಂದಳು ಅವಳು. "ಪ್ರತಿ ಸಲ ಕೂಗ್ತಾನೆ."

"ನಿಲ್ಲಿಸು ಅಂತ ಹೇಳಿ ಕಳಿಸ್ತೀನಿ."

"ಬೇಡ."

*

ಒಂದು ದಿನ ಬಿಟ್ಟು, ಮೇಲ್ ಬರುವ ದಿನ ಹನ್ನೊಂದೂವರೆಗೆ, ಅವಳು ಅಟ್ಟದಿಂದ ಬಳೆ ಇಳಿಸಿದಳು. ನಾಲ್ಕು ಡಬ್ಬಿ ತುಂಬಿದಳು: ಅನ್ನ, ಬೇಳೆ, ರೊಟ್ಟಿ, ಖಾರವಿಲ್ಲದ ಪಲ್ಯ. ಕ್ಯಾರಿಯರ್ ಕಟ್ಟಿ ಗಂಡನ ಮುಂದಿಟ್ಟಳು.

"ಎತ್ಕೊಳ್ಳಿ."

"ನಾನಾ?"

"ಮೊಣಕಾಲು ನೋವು. ಕಟ್ಟೆ ಹತ್ತೋಕೆ ನನಗಾಗಲ್ಲ."

"ಊರವರು ನೋಡ್ತಾರೆ. ಏನಿದು ಅಂತ ಕೇಳಿದ್ರೆ ಏನು ಹೇಳಲಿ?"

"ನಿಮ್ಮ ಜಾಗಕ್ಕೆ ಬಂದವನಿಗೆ ಊಟ ಅಂತ ಹೇಳಿ. ಸುಳ್ಳೇನಲ್ಲವಲ್ಲ."

ಅವನು ಕ್ಯಾರಿಯರನ್ನು ನೋಡಿದ, ಹೆಂಡತಿಯನ್ನು ನೋಡಿದ. ನಲವತ್ತು ವರ್ಷ ಆಜ್ಞೆ ಪಾಲಿಸಿದ ನೌಕರ ಅವನು. ಇದು ಯಾವ ಬಣ್ಣದ ಸಿಗ್ನಲ್ ಎಂದು ಮಾತ್ರ ತಿಳಿಯಲಿಲ್ಲ. ಎತ್ತಿಕೊಂಡ.

ಮುಖ್ಯ ಬೀದಿಯಲ್ಲಿ ಇಬ್ಬರೂ ನಡೆದರು. ಶಾಪಿನ ಬಾಗಿಲಿಗೆ ಬಂದ ಮಗನ ಕೈಯಲ್ಲಿ ಕತ್ತರಿ ತೆರೆದೇ ಇತ್ತು. ಮುಚ್ಚಿದ ಹೋಟೆಲು, ಮುಚ್ಚಿದ ರೆಸ್ಟ್ ರೂಮು, ತುಕ್ಕು ಹಿಡಿದ ನೀರಿನ ಟ್ಯಾಂಕು ದಾಟಿ, ತಿರುವಿನ ಕಟ್ಟೆಯ ಬುಡಕ್ಕೆ ಬಂದರು. ಅವಳು ಅವನ ಮೊಣಕೈ ಹಿಡಿದು ಮೂರು ಮೆಟ್ಟಿಲು ಹತ್ತಿಸಿದಳು. ಮೇಲೆ ನಿಲ್ಲಿಸಿ, ಬಳೆಯನ್ನು ಅವನ ಕೈಗೆ ಕೊಟ್ಟಳು.

"ಹೆಬ್ಬೆರಳು ಈ ಕಡೆ. ಭುಜದ ಮಟ್ಟಕ್ಕೆ. ಇನ್ನೂ ಮೇಲೆ. ಹೂಂ."

"ಗಾಡಿ ಕಾಣಲ್ಲ ಕಣೆ ನನಗೆ. ಮಬ್ಬು ಮಬ್ಬು."

"ಗಾಡಿ ನೋಡಬೇಡಿ. ಮುಖಾನೂ ನೋಡಬೇಡಿ. ಕೈ ನೋಡಿ. ಅದಾಗೇ ಬರುತ್ತೆ."

ಹಳಿ ಗುನುಗಿತು. ಕಟ್ಟೆ ನಡುಗಿತು. ಸಿಳ್ಳೆ ಕೂಗಿದ್ದು ಎರಡೇ ಗಿಡ್ಡ. ಉದ್ದದ್ದು ನಡುವೆಯೇ ನಿಂತುಹೋಯಿತು. ಇಂಜಿನ್ನಿನವನು ಬಳೆಯನ್ನು ಕಂಡಿದ್ದ. ಬೆಟ್ಟದಂಥದ್ದೊಂದು ಬಿಸಿಗಾಳಿ ಎದೆಗೆ ಬಂದು ಅಪ್ಪಳಿಸಿತು. ಡ್ರೈವರ್ ಕಣ್ಣು ಕಿರಿದುಗೊಳಿಸಿ ನಿಂತ. ಮಬ್ಬಿನೊಳಗಿಂದ ನೀಲಿ ತೋಳೊಂದು ಬಂತು, ಬಳೆಯೊಳಗೆ ತೂರಿತು, ಅವನ ಬೆರಳುಗಳಿಂದ ಅದನ್ನು ಕಿತ್ತುಕೊಂಡು ಹೋಯಿತು.

ಅವನು ಕೂಗಿದ. ಹಾಗೆ ಕೂಗುತ್ತೇನೆಂದು ಅವನಿಗೇ ಗೊತ್ತಿರಲಿಲ್ಲ.

"ಮೊಣಕಾಲು ಹಾಗೇ ಇದೆ!"

ಬೋಗಿಗಳು ಒಂದರ ಹಿಂದೊಂದು ದಡದಡ ದಾಟಿದವು. ಕಿಟಕಿಗಳಲ್ಲಿ ಯಾರ ಯಾರದೋ ಮುಖಗಳು. ಕೊನೆಯ ಬೋಗಿಯ ಹಿಂದೆ ಒಂದಿಷ್ಟು ಕಾಗದದ ಚೂರುಗಳು ಎದ್ದು, ಸುತ್ತಿ, ಬಿದ್ದವು. ಆಮೇಲೆ ಏನೂ ಇಲ್ಲ. ಹುಂಜವಿಲ್ಲ, ನಾಯಿಯಿಲ್ಲ, ಗಾಳಿಯಿಲ್ಲ. ಬಿಸಿಲು, ಜಲ್ಲಿಕಲ್ಲು, ಎರಡು ಹಳಿ. ಕಟ್ಟೆಯ ತುದಿಯಲ್ಲಿದ್ದ ಕಾಗೆ ಕೂಡ ಹಾರಿಹೋಯಿತು.

ಇಂಜಿನ್ನಿನ ಮೇಲೆ ನಿಂತವನಿಗೆ ಹಾಗಲ್ಲ. ಅವನ ಮುಂದೆ ದಾರಿ ಇರುತ್ತದೆ, ಮುಂದಿನ ಸಿಗ್ನಲ್ ಇರುತ್ತದೆ. ಕಟ್ಟೆಯ ಮೇಲೆ ನಿಂತವರಿಗೆ ಏನಿರುತ್ತದೆ ಎಂದು ಅವನು ಅಂದಿನ ತನಕ ನೋಡಿರಲಿಲ್ಲ.

"ಇಷ್ಟೇನಾ?" ಎಂದ.

"ಇಷ್ಟೇ."

"ಪ್ರತಿ ಸಲಾನೂ?"

"ಪ್ರತಿ ಸಲಾನೂ."

"ಆಮೇಲೆ ಏನು ಮಾಡ್ತಿದ್ದೆ?"

"ಮನೆಗೆ ಹೋಗಿ 'ಅವರೂ ಈಗ ಉಣ್ತಿರ್ತಾರೆ' ಅಂದುಕೊಂಡು ಉಣ್ತಿದ್ದೆ."

ಬಳೆ ಹಿಡಿದಿದ್ದ ಅವನ ಕೈ ಭುಜದ ಮಟ್ಟದಲ್ಲಿ ಹಾಗೆಯೇ ಗಾಳಿಯಲ್ಲಿ ನಿಂತಿತ್ತು, ಬೆರಳುಗಳು ಇನ್ನೂ ಏನನ್ನೋ ಹಿಡಿದಂತೆ. ಕ್ಯಾರಿಯರಮ್ಮ ಸ್ವಲ್ಪ ಹೊತ್ತು ನೋಡಿದಳು. ಮೊದಲ ವರ್ಷ ಅವಳ ಕೈಯೂ ಹಾಗೇ ನಿಲ್ಲುತ್ತಿತ್ತು.

"ಕೈ ಇಳಿಸಿ," ಎಂದಳು. "ಗಾಡಿ ಹೋಯ್ತು."